ಶಿವಕಾಂತಮ್ಮನ ಕುಣಿಯಲ್ಲಿ ಬಾಳೆ

ಶಿವಕಾಂತಮ್ಮ ತನ್ನ ಕುಣಿಯಲ್ಲಿ ಮೊದಲ ಸಲ ಇಳಿದು ಕುಳಿತದ್ದು ಸಾಯುವುದಕ್ಕೆ ಆರು ವರ್ಷ ಮೊದಲು, ಒಂದು ಭಾನುವಾರ ಬೆಳಿಗ್ಗೆ. ನಾನು ದಂಡೆಯ ಮೇಲೆ ನಿಂತು ಅವಳ ಚಹಾದ ಬಶಿ ಹಿಡಿದುಕೊಂಡಿದ್ದೆ.

"ಟೀಚರ, ಚಹಾ ಇತ್ತ ಕೊಡ್ರಿ," ಎಂದಳು ಒಳಗಿನಿಂದ. "ಕುಂತು ಕುಡದು ನೋಡ್ತೀನಿ. ಚಹಾ ಕುಡೀಲಾಕ ಬರದಂಥ ಜಾಗಾದಾಗ ಎಷ್ಟ ದಿನ ಕೂಡ್ಲಾಕ ಆಗ್ತದ?"

ನಾನು ಬಗ್ಗಿ ಕೊಟ್ಟೆ. ಅವಳು ಬೆನ್ನನ್ನು ಗೋಡೆಗೆ ಆನಿಸಿ, ಭುಜ ಆಚೀಚೆ ಆಡಿಸಿ, ಅರ್ಧ ಬಶಿ ಕುಡಿದು, ಎಡ ಮೊಣಕಾಲು ತಾಗುತ್ತದೆಂದು ತೀರ್ಪು ಕೊಟ್ಟಳು. ಇನ್ನೆರಡು ಬೆರಳು ಕೆರೆಯಬೇಕೆಂದಳು. ಕಮಲಾಪುರದ ಸುತ್ತ ಮೂವತ್ತು ವರ್ಷದಿಂದ ಕುಣಿ ತೋಡುತ್ತಿದ್ದ ದತ್ತಪ್ಪ ಸಲಿಕೆ ಊರಿ ನಿಂತ.

"ಆಯಿ, ಇಷ್ಟ ವರ್ಷದಾಗ ಒಬ್ಬರೂ ತಕರಾರ ಮಾಡಿಲ್ಲ."

"ಅವರಿಗಿ ಕೇಳೀಯೇನು?"

"ಇಲ್ಲ."

"ಮತ್ತ? ಕೆರಿ."

ಲಿಂಗಾಯತರಾದ ಅವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಹೂಳುತ್ತಾರೆ. ಕುಣಿಯ ಒಂದು ಗೋಡೆಯಲ್ಲಿ ಗೂಡು ಕೊರೆದು, ಕಾಲು ಮಡಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಕೂರಿಸುತ್ತಾರೆ. ಕುಣಿಯ ಅಳತೆ ಅಡಿಯದೂ ಅಲ್ಲ, ಗಜದ್ದೂ ಅಲ್ಲ. ಸತ್ತವರ ಪಾದದ್ದು. ಉದ್ದ ಒಂಬತ್ತು ಪಾದ, ಅಗಲ ಐದು ಪಾದ, ಅದೂ ಅವರವರದೇ ಪಾದ. ಸಾವಿನ ಬಗ್ಗೆ ನಾನು ಸಾಕಷ್ಟು ಪುಸ್ತಕ ಓದಿದ್ದೇನೆ. ಮನುಷ್ಯನಿಗೆ ಕೊನೆಗೆ ಎಷ್ಟು ಜಾಗ ಬೇಕು ಎಂಬ ಪ್ರಶ್ನೆ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರವನ್ನು ಇಷ್ಟು ಕರಾರುವಾಕ್ಕಾಗಿ ಕೊಟ್ಟವರು ಈ ಜನ ಮಾತ್ರ.

ಆಯಿಗೆ ಈ ಅಳತೆಯ ಚಿಂತೆ ಹತ್ತಿದ್ದು ಗಂಡನಿಂದ. ಅವನು ಸತ್ತಾಗ ಯಾರೋ ಗಡಿಬಿಡಿಯಲ್ಲಿ ಅವನ ಪಾದ ಬಿಟ್ಟು ಮೂಲೆಯಲ್ಲಿದ್ದ ಕೆರ ಅಳೆದರು. ಕೆರ ಮನುಷ್ಯನಿಗಿಂತ ಎರಡು ಬೆರಳು ದೊಡ್ಡದು. "ಅಂವ ಇನ್ನಾ ಅದರಾಗ ಜೋಲಿ ಹೊಡೀಲಾಕತ್ತಿರಬೇಕು," ಎನ್ನುತ್ತಿದ್ದಳು, ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಇವತ್ತು ಬೆಳಿಗ್ಗೆ ನಡೆದ ಸುದ್ದಿಯಂತೆ. ಅವನನ್ನು ಇಟ್ಟದ್ದು ಕೆಳಗಿನ ಎರೆಭೂಮಿಯಲ್ಲಿ. ಬೇಸಿಗೆಯಲ್ಲಿ ಅದು ಬಿರಿಯುತ್ತದೆ, ಮಳೆಗಾಲದಲ್ಲಿ ತುಂಬುತ್ತದೆ. ತನ್ನದು ಹಾಗಾಗಬಾರದು. ಗುಡ್ಡದ ಮೇಲಿನ ತನ್ನ ಹೊಲದಲ್ಲಿ, ಕೆಂಪು ಬಾಳೆಯ ತೋಟದ ಅಂಚಿಗೆ, ನೀರು ನಿಲ್ಲದ ಗಟ್ಟಿ ಮುರುಮಿನ ನೆಲದಲ್ಲಿ, ತನ್ನ ಪಾದದ ಸರಿಯಾದ ಅಳತೆಯಲ್ಲಿ ತಾನು ಕೂರಬೇಕು. ಎಂಬತ್ತು ವರ್ಷದ ಬದುಕಿನಲ್ಲಿ ಅವಳು ತನಗಾಗಿ ಬೇಕೆಂದು ಕೇಳಿದ ಬೇರೆ ಯಾವ ವಸ್ತುವೂ ನನಗೆ ನೆನಪಿಲ್ಲ.

ನಾನು ಅವಳನ್ನು ಕಂಡದ್ದು ತೊಂಬತ್ತನಾಲ್ಕರಲ್ಲಿ. ಕಮಲಾಪುರದ ಶಾಲೆಗೆ ಮಾಸ್ತರಿಕೆಗೆ ಬಂದ ನನಗೆ ಊರಲ್ಲಿ ಯಾರೂ ಕೋಣೆ ಕೊಡಲಿಲ್ಲ. ಹೆಸರು ಪಂಚಶೀಲಾ ಎಂದ ಕೂಡಲೇ ಜಾತಿ ಗೊತ್ತಾಗಿ ಅವರ ಕೋಣೆಯಲ್ಲಿ ಜೋಳದ ಚೀಲ ತುಂಬಿರುತ್ತಿತ್ತು. ಶಿವಕಾಂತಮ್ಮ ಮಾತ್ರ ಯಾರ ಮಂದಿ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, "ರೊಟ್ಟಿ ಬಡೀಲಾಕ ಬರ್ತದೇನ್ರಿ?" ಎಂದು ಕೇಳಿದಳು. ಬರುವುದಿಲ್ಲ ಎಂದೆ. "ಹಂಗಾದ್ರ ಕೋಣಿ ಕೊಡ್ತೀನಿ. ಕಲ್ತ ಮ್ಯಾಲ ಬಿಡ್ರಿ," ಎಂದಳು. ಏಳು ವರ್ಷ ಇದ್ದೆ. ಆಮೇಲೆ ಕಲಬುರಗಿಗೆ ಬದಲಿಯಾಯಿತು, ಅಲ್ಲೇ ಮನೆ ಕಟ್ಟಿದೆ, ನಿವೃತ್ತಿಯಾದೆ. ಭಾನುವಾರ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಮಾತ್ರ ತಪ್ಪಲಿಲ್ಲ. ರೊಟ್ಟಿ ಈಗಲೂ ನಡುವೆ ಹರಿಯುತ್ತದೆ.

ಗುಡ್ಡದ ಮನೆಯಲ್ಲಿ ಅವಳ ಜೊತೆ ಸಣ್ಣ ಮಗ ದೌಲಪ್ಪ, ಸೊಸೆ ಮಹಾನಂದಾ ಇದ್ದರು. ಅವರ ಮಗಳು ಸೃಷ್ಟಿ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ದೊಡ್ಡ ಮಗ ಶಿವಲಿಂಗ ಕಲಬುರಗಿಯಲ್ಲೇ ಪೈಪು, ಮೋಟಾರು ಮಾರುವ ಅಂಗಡಿ ಇಟ್ಟಿದ್ದ. ಆಯಿ ಬೆಳಿಗ್ಗೆ ಎದ್ದು ಎಮ್ಮೆಗೆ ಬೈದು, ಹಾಲು ಹಿಂಡಿ, ಬಾಳೆಗೆ ನೀರು ಬಿಟ್ಟು, ಹತ್ತು ಗಂಟೆಗೆ ಮಗನಿಗೆ ಫೋನು ಮಾಡಿ ಅವನಿಗೂ ಬೈದು, ನಂತರ ಊಟಕ್ಕೆ ಕೂರುತ್ತಿದ್ದಳು. ಎಮ್ಮೆಗೆ ಬೈಯುವುದನ್ನೂ ಮಗನಿಗೆ ಬೈಯುವುದನ್ನೂ ಕಣ್ಣು ಮುಚ್ಚಿ ಕೇಳಿದರೆ ಎರಡರಲ್ಲಿ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಎಮ್ಮೆಗೆ ಸ್ವಲ್ಪ ಮರ್ಯಾದೆ ಹೆಚ್ಚಿತ್ತು.

ಕುಣಿಯ ಅಳತೆಗೆ ಅಯ್ಯನೋರಿಂದ ಒಳ್ಳೆಯ ದಿನ ಕೇಳಿ ಬಂದಿದ್ದಳು. ಹಿಂದಿನ ದಿನ ಮಹಾಗಾಂವದಲ್ಲಿ ಮದುವೆ. ಊಟ ಮುಗಿಸಿ ಕ್ರಾಸಿನಲ್ಲಿ ನಿಂತರೆ ಮೂರು ತಾಸು ಬಸ್ಸು ಬರಲಿಲ್ಲ. ಬಂದ ಟೆಂಪೊದಲ್ಲೂ ನಿಂತೇ ಬಂದಳು. ಮರುದಿನ ಪಾದ ಬಾತು ಕುಂಬಳಕಾಯಿಯಾಗಿತ್ತು. ಒಳ್ಳೆಯ ದಿನ ಬಿಡುವಂತಿರಲಿಲ್ಲ. ದತ್ತಪ್ಪ ತೊಗರಿಕಟ್ಟಿಗೆಯನ್ನು ಪಾದದ ಪಕ್ಕದಲ್ಲಿಟ್ಟು ಕುಡುಗೋಲಿನಿಂದ ಗುರುತು ಮಾಡಿಕೊಂಡ. ಅದರ ಪ್ರಕಾರ ತೋಡಿದ. ನಾಲ್ಕು ದಿನದಲ್ಲಿ ಬಾವು ಇಳಿಯಿತು, ಕುಣಿ ಇಳಿಯಲಿಲ್ಲ. ಅರ್ಧ ಗೇಣು ಹೆಚ್ಚಾಗಿ ಉಳಿಯಿತು.

"ಗಂಡಗ ಕೆರದ ಅಳತಿ, ನನಗ ಬಾವಿನ ಅಳತಿ," ಎಂದು ಅವತ್ತು ದಂಡೆಯ ಮೇಲೆ ಕುಳಿತು ಕುಣಿಯನ್ನೇ ನೋಡಿದಳು. ಎಡ ಮೊಣಕಾಲಿಗಾಗಿ ಎರಡು ಬೆರಳು ಕೆರೆಸಿದ್ದು ಬೇರೆ. ಆ ದೋಷದ ಕೊರಗು ಅವಳಿಗೆ ತೀರಲಿಲ್ಲ. ಆದರೂ ಮೇಲೆ ತಗಡು ಮುಚ್ಚಿ ಕಾಪಾಡಿಕೊಂಡಳು. ಬಂದವರಿಗೆಲ್ಲ ತೋರಿಸುತ್ತಿದ್ದಳು. ಸೃಷ್ಟಿಯನ್ನು ನೋಡಲು ಅಫಜಲಪುರದ ಕಡೆಯಿಂದ ಗಂಡಿನವರು ಬಂದಾಗ, ಅವಲಕ್ಕಿ ಬರುವಷ್ಟರಲ್ಲಿ, "ಬರ್ರಿ, ಹೊಸಾ ಮನಿ ತೋರಸ್ತೀನಿ," ಎಂದು ಕರೆದುಕೊಂಡು ಹೋಗಿ ತಗಡು ಸರಿಸಿದಳು. ಗಂಡಿನ ತಂದೆ ಬಗ್ಗಿ ನೋಡಿ ಮುರುಮು ಭಾಳ ಛಲೋ ಅದ ಎಂದ. ಗಂಡಿನ ತಾಯಿ ನೀರು ಕುಡಿಯದೆ ಗುಡ್ಡ ಇಳಿದು ಜೀಪು ಹತ್ತಿದಳು.

"ಆಯಿ, ನಿನ್ನ ಕುಣಿ ನನ್ನ ಉಳಸ್ತು," ಎಂದಳು ಸೃಷ್ಟಿ. ಅವಳಿಗೆ ಮೊದಲು ಓದು ಮುಗಿಯಬೇಕಿತ್ತು.

"ಖಾಲಿ ಇದ್ದಾಗಲೇ ಇಷ್ಟ ಕೆಲಸಾ ಮಾಡ್ತದ," ಎಂದಳು ಆಯಿ.

ನಾಲ್ಕು ವರ್ಷದ ಹಿಂದಿನ ಶ್ರಾವಣದಲ್ಲಿ ಹನ್ನೊಂದು ದಿನ ಮಳೆ ಹಿಡಿಯಿತು. ಒಂಬತ್ತನೆಯ ದಿನ ನೀಲಗಂಗಮ್ಮ ಸತ್ತಳು. ನೀಲಗಂಗಮ್ಮ ಆಯಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಇಬ್ಬರಿಗೂ ಇಪ್ಪತ್ತೆಂಟು ವರ್ಷ ಮಾತಿರಲಿಲ್ಲ. ಕಾರಣ ಒಂದು ಬಾಳೆ ಗಿಡ. ಇವಳ ಬದುವಿನಲ್ಲಿದ್ದ ಗಿಡದ ಮರಿ ಅವಳ ಬದುವಿನಲ್ಲಿ ಎದ್ದಿತು, ಅವಳು ಅದನ್ನು ತನ್ನದೆಂದು ಗೊನೆ ಕಡಿದಳು. ಕೆಂಪು ಬಾಳೆ ಗೊನೆ ಬಿಡಲು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ದಿನವೂ ಇಬ್ಬರೂ ಅದಕ್ಕೆ ನೀರು ಹಾಕಿದ್ದರಂತೆ, ತನ್ನದೆಂದು, ಒಬ್ಬರಿಗೊಬ್ಬರು ಕಾಣದಂತೆ.

ಕೆಳಗಿನ ಎರೆಭೂಮಿಯಲ್ಲಿ ಎಲ್ಲಿ ತೋಡಿದರೂ ಒಂದು ಮೊಳಕ್ಕೆ ನೀರು. ದತ್ತಪ್ಪ ಮೂರು ಕಡೆ ತೋಡಿ ಮೂರು ಬಾವಿ ಮಾಡಿದ. ಸಂಜೆಯೊಳಗೆ ಮಣ್ಣು ಮಾಡಬೇಕಿತ್ತು. ನೀಲಗಂಗಮ್ಮನ ಮಗ ಚೀಲ ಹೊದ್ದುಕೊಂಡು ಗುಡ್ಡ ಹತ್ತಿ ಬಂದು ಬಾಗಿಲ ಹೊರಗೆ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಚಿಗವ್ವಾ, ನಿನ್ನ ಕುಣಿ ಒಣಗಿದ್ದದಂತ," ಎಂದ.

ಮಹಾನಂದಾ ಆಮೇಲೆ ನನಗೆ ಹೇಳಿದ್ದು: ಅತ್ತೆ ಅರ್ಧ ಬಡಿದ ರೊಟ್ಟಿಯನ್ನು ಪೂರ್ತಿ ಬಡಿದಳು, ಬೇಯಿಸಿದಳು, ತಟ್ಟೆಯಲ್ಲಿಟ್ಟು ಅವನಿಗೆ ಕೊಟ್ಟಳು. ಆಮೇಲೆ, "ತಗಡು ಹುಷಾರಿ. ಮೂಲಿ ಚೂಪ ಅದ, ಕೈ ಹರೀತದ," ಎಂದಳು. ಅದೇ ಒಪ್ಪಿಗೆ.

ದತ್ತಪ್ಪ ಪದ್ಧತಿಯಂತೆ ನೀಲಗಂಗಮ್ಮನ ಪಾದ ಅಳೆದ. ಕಟ್ಟಿಗೆಯನ್ನು ಕುಣಿಗೆ ಇಟ್ಟು ನೋಡಿದ. ಒಂಬತ್ತಕ್ಕೆ ಒಂಬತ್ತು, ಐದಕ್ಕೆ ಐದು. ಒಂದು ಬೆರಳು ಹೆಚ್ಚಿಲ್ಲ, ಕಡಿಮೆ ಇಲ್ಲ. ಅವಳದು ಮೊದಲಿಂದ ದೊಡ್ಡ ಪಾದ.

ಆ ಭಾನುವಾರ ನಾನು ಹೋದಾಗ ಆಯಿ ಎಮ್ಮೆಗೂ ಬೈದಿರಲಿಲ್ಲ.

"ಟೀಚರ, ಅಕಿ ನನ್ನ ಗಿಡ ತಿಂದಳು, ಈಗ ನನ್ನ ಕುಣೀನೂ ಹೊಂದಿಸಿಕೊಂಡಳು," ಎಂದಳು. ಮತ್ತೆ, "ಅಕೀ ಅಳತೀನೇ ಇತ್ತಂತ. ಅಂದ್ರ ನಾ ಎರಡ ವರ್ಷ ಅಕೀ ಮನಿ ಕಾಯ್ದೆ," ಎಂದಳು.

ಎರಡನೆಯ ಕುಣಿ ದೀಪಾವಳಿ ಮುಗಿದ ಮೇಲೆ. ಈ ಸಲ ಆಯಿ ಮೂರು ದಿನ ಹೊಲಕ್ಕೆ ಹೋಗದೆ ಕಾಲು ಚಾಚಿ ಮಂಚದ ಮೇಲೆ ಕುಳಿತಳು, ಪಾದಕ್ಕೆ ವಿಶ್ರಾಂತಿ ಬೇಕೆಂದು. ನಾಲ್ಕನೆಯ ದಿನ ಅಳತೆ. ಕಟ್ಟಿಗೆ ನನ್ನ ಕೈಗೆ ಕೊಟ್ಟು ಗುರುತು ನೋಡಲು ಹೇಳಿದಳು, ಓದಿದವರು ನೋಡಿದರೆ ಸುಳ್ಳಾಗುವುದಿಲ್ಲವೆಂದು. ನಮ್ಮ ಓಣಿಯ ಹಿರಿಯರು ಇಂಥ ಕುಣಿಗಳನ್ನು ತೋಡಿದವರು. ನನ್ನಪ್ಪ ಆ ಸಲಿಕೆಯನ್ನು ಇಳಿಸಿ ನನ್ನನ್ನು ಶಾಲೆಗೆ ಕಳಿಸಿದ. ಈಗ ನಾನು ಕನ್ನಡಕ ಏರಿಸಿ ಕಟ್ಟಿಗೆ ನೋಡುತ್ತ, "ಸರಿ ಅದ ಆಯಿ," ಎಂದೆ. ಅಪ್ಪ ನೋಡಿದ್ದರೆ ನಗುತ್ತಿದ್ದನೋ ಏನೋ.

ಜಾಗ ಮೊದಲ ಕುಣಿಯಿಂದ ಹತ್ತು ಮಾರು ದೂರ. ಗೂಡನ್ನು ಎಂಥ ಗೋಡೆಯಲ್ಲಿ ಕೊರೆಸಿದಳೆಂದರೆ, ಅದರಲ್ಲಿ ಕುಳಿತರೆ ಮುಖ ಕಮಲಾಪುರದ ಕಡೆಗೆ, ಬೆನ್ನು ನೀಲಗಂಗಮ್ಮನ ಕಡೆಗೆ. "ಬದುಕಿದ್ದಾಗ ಮುಖಾ ನೋಡಿಲ್ಲ. ಸತ್ತ ಮ್ಯಾಲ ಯಾಕ ನೋಡ್ಲಿ?"

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಗುಡ್ಡದ ಆಯಿ ಕುಣಿ ಕೊಡುತ್ತಾಳೆ ಎಂದು. ಬೇಸಿಗೆಯಲ್ಲಿ ಒಬ್ಬರು ಬಂದರು, ತಮ್ಮ ಮುದುಕಪ್ಪ ಇವತ್ತೋ ನಾಳೆಯೋ ಎನ್ನುವಂತಿದ್ದಾನೆ, ನೆಲ ಕಲ್ಲಾಗಿದೆ, ಖಾಲಿ ಇದ್ದರೆ ಕೊಡಬಹುದೇ ಎಂದು. ಆಯಿಗೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಮನೆಯಲ್ಲಿ ಅವಳು ಯಾರಿಗೂ ಯಾವುದಕ್ಕೂ ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಬೈಯುತ್ತ ಕೊಡುತ್ತಿದ್ದಳು. ಪುಣ್ಯಕ್ಕೆ ಮುದುಕಪ್ಪ ಚೇತರಿಸಿಕೊಂಡ. ಆದರೆ ಅವಳಿಗೆ ಚಿಂತೆಯಾಯಿತು.

ಉಪಾಯ ಹೇಳಿದ್ದು ಮಲಂಗಸಾಬ. ಅವನು ಗುಡ್ಡದ ಕೆಳಗೆ ಆಡು ಸಾಕುತ್ತಿದ್ದ. ಅವನದೊಂದು ಹೋತ ತಗಡು ತುಳಿದು ಕುಣಿಯಲ್ಲಿ ಬಿದ್ದು, ಅದನ್ನು ಮೇಲೆತ್ತಲು ಬಂದಿದ್ದ.

"ಆಯಿ, ಖಾಲಿ ಇದ್ರ ಹೋತಾನೂ ಬೀಳ್ತದ, ಮಂದೀನೂ ಕೇಳ್ತಾರ. ಬಾಳಿಕಾಯಿ ಹಣ್ಣಿಗಿ ಹಾಕಿ ಬಿಡು. ಭರ್ತಿ ಅದ ಅಂದ್ರ ಮುಗೀತು."

"ನಿನಗ ಬ್ಯಾಡೇನು ಕುಣಿ?"

"ನಾವು ಮಲ್ಕೋಳೋ ಮಂದಿ, ಆಯಿ. ನಿಮ್ಮಂಗ ಕುಂತು ನಿದ್ದಿ ಮಾಡ್ಲಾಕ ನಮಗ ಬರಂಗಿಲ್ಲ."

ಅವತ್ತಿನಿಂದ ಕುಣಿ ಎಂದೂ ಖಾಲಿ ಇರಲಿಲ್ಲ. ತಳಕ್ಕೆ ಒಣ ಬಾಳೆಲೆ ಹಾಸಿ, ಗೊನೆ ಜೋಡಿಸಿ, ಮೇಲೆ ಎಲೆ, ಗೋಣಿಚೀಲ, ಮಣ್ಣು ಮುಚ್ಚಿ, ಒಂದು ತೂತಿನಿಂದ ಸಗಣಿ ಕುಳ್ಳಿನ ಹೊಗೆ ಬಿಡುತ್ತಿದ್ದಳು. ಐದನೆಯ ದಿನ ತೆಗೆದರೆ ಹಣ್ಣು. ಮುರುಮಿನ ಕಾವಿಗೆ ಬೇರೆಯವರದಕ್ಕಿಂತ ಬಣ್ಣ ಚೆನ್ನಾಗಿ ಬರುತ್ತಿತ್ತು. ಕಮಲಾಪುರದ ಸಂತೆಯಲ್ಲಿ ಜನ ಆಯಿಯ ಹಣ್ಣು ಕೇಳಿ ತೆಗೆದುಕೊಳ್ಳುತ್ತಿದ್ದರು. ಎಲ್ಲಿ ಹಣ್ಣಾಗಿದೆ ಎಂದು ಅವರೂ ಕೇಳಲಿಲ್ಲ, ಮಹಾನಂದಾನೂ ಹೇಳಲಿಲ್ಲ. ಕುಣಿ ಕೇಳಲು ಬಂದವರಿಗೆ ಆಯಿ ಸಮಾಧಾನದಿಂದ, "ಭರ್ತಿ ಅದರೀ," ಎನ್ನುತ್ತಿದ್ದಳು. ಇಲ್ಲ ಎಂದ ಹಾಗೂ ಆಗಲಿಲ್ಲ.

ಈ ನಡುವೆ ಇನ್ನೊಂದು ನಡೆಯಿತು. ಆಯಿ ನೀಲಗಂಗಮ್ಮನ ಕುಣಿಯ ಮೇಲೆ ಹೋಗಿ ಕೂರತೊಡಗಿದಳು. ಮೊದಮೊದಲು ಬೈಯಲು. ಬಾಳೆ ಗಿಡದ ವಿಷಯವನ್ನು ಇಪ್ಪತ್ತೆಂಟು ವರ್ಷದ ನಂತರ ಮೊದಲಿನಿಂದ ಕೊನೆಯವರೆಗೆ ಹೇಳಿದಳಂತೆ. ಅದು ಮುಗಿದ ಮೇಲೆ ಬೇರೆ ವಿಷಯಗಳು ಬಂದವು. ಎಮ್ಮೆ ಕರು ಹಾಕಿದ್ದು, ಸೃಷ್ಟಿಯ ಪರೀಕ್ಷೆ, ಶಿವಲಿಂಗನ ಮೊಣಕಾಲು ನೋವು. ಒಂದು ಭಾನುವಾರ ನಾನು ಹುಡುಕಿಕೊಂಡು ಹೋದಾಗ ಅಲ್ಲಿ ಕುಳಿತು ತೊಗರಿ ಸೋಸುತ್ತಿದ್ದಳು.

"ಅಕಿ ಸತ್ತ ಮ್ಯಾಲ ಭಾಳ ಛಲೋ ಕೇಳ್ತಾಳ ಟೀಚರ," ಎಂದಳು. "ನಡುವ ಬಾಯಿ ಹಾಕಂಗಿಲ್ಲ."

ಹೋದ ಬೇಸಿಗೆಯಲ್ಲಿ ದತ್ತಪ್ಪನನ್ನು ಕರೆಸಿ ಕುಣಿಯ ಎದುರು ಗೋಡೆಯಲ್ಲಿ ಇನ್ನೊಂದು ಗೂಡು ಕೊರೆಸಿದಳು. ಅದರಲ್ಲಿ ಕುಳಿತರೆ ಮುಖ ನೀಲಗಂಗಮ್ಮನ ಕಡೆಗೆ. ಎರಡು ಗೂಡಿನ ಕುಣಿಯನ್ನು ದತ್ತಪ್ಪ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಯಾವುದರಾಗ ಕೂಡ್ತಿ ಆಯಿ?"

"ನೋಡೋಣು. ಅಕಿ ಹೆಂಗ ನಡಕೋತಾಳ ನೋಡಿ ಹೇಳ್ತೀನಿ."

ಶಿವಲಿಂಗನಿಗೆ ಇದೆಲ್ಲ ನಾಚಿಕೆಯಾಗುತ್ತಿತ್ತು. ಅವನು ಕೆಟ್ಟವನಲ್ಲ. ಅವನ ಮಾತಿನಲ್ಲೂ ಅರ್ಥವಿತ್ತು. ಕಲಬುರಗಿಯಲ್ಲಿ ಸಮಾಜದ ರುದ್ರಭೂಮಿ ಅವನ ಮನೆಯಿಂದ ಹತ್ತು ನಿಮಿಷ. ಅಲ್ಲಿದ್ದರೆ ದಿನಾ ಹೂವು ಏರಿಸಬಹುದು. ಗುಡ್ಡಕ್ಕೆ ಕಾರು ಹೋಗುವುದಿಲ್ಲ, ಅವನ ಮೊಣಕಾಲು ಹತ್ತುವುದಿಲ್ಲ. ಫೋಟೊ ಕೆತ್ತಿದ ಗ್ರಾನೈಟ್ ಕಲ್ಲು ನೋಡಿ ಬಂದಿದ್ದ. "ದನಾ ಕಟ್ಟೋ ಕೊಟಗ್ಯಾಗ ಕೂಡಸಿದಂಗ ನನ್ನ ಅಲ್ಲಿ ಕೂಡಸ್ಬ್ಯಾಡ್ರಿ," ಎಂದು ಆಯಿ ಅವನಿಗೆ ಹೇಳದೆ ನನಗೆ ಹೇಳಿದಳು. "ಟೀಚರ, ನೀವು ಮಾತು ಕೊಡ್ರಿ. ಎಲ್ಲೇ ಸಾಯ್ಲಿ, ನನ್ನ ಗುಡ್ಡಕ್ಕ ತರ್ರಿ." ಕೊಟ್ಟೆ.

ಹೋದ ಕಾರ್ತಿಕದ ಒಂದು ಭಾನುವಾರ ಬೆಳಿಗ್ಗೆ ಅವಳು ಇಪ್ಪತ್ತು ಗೊನೆಗಳನ್ನು ಕುಣಿಯಲ್ಲಿಟ್ಟು, ಹೊಗೆ ಹಾಕಿ, ಬಾಯಿ ಮುಚ್ಚಿದಳು. ನಾನು ಹೋಗುವಷ್ಟರಲ್ಲಿ ಮಣ್ಣು ಮೆತ್ತಿ ಕೈ ತೊಳೆಯುತ್ತಿದ್ದಳು. ಮಧ್ಯಾಹ್ನ ಉಸಿರು ಹಿಡಿಯಿತು. ಸಂಜೆ ಐದಕ್ಕೆ ಕಲಬುರಗಿಯ ಆಸ್ಪತ್ರೆಯಲ್ಲಿದ್ದೆವು. ಹೃದಯ ದೊಡ್ಡದಾಗಿದೆ, ಅದಕ್ಕೇ ಕಾಲಿಗೆ ನೀರು ಇಳಿದಿದೆ ಎಂದರು ಡಾಕ್ಟರು. ಆಯಿ ಹೊದಿಕೆ ಸರಿಸಿ ಪಾದ ನೋಡಿಕೊಂಡಳು. ಮಹಾಗಾಂವದ ಮದುವೆಯ ಮರುದಿನದ ಪಾದ ಅದು.

"ಅಳತಿ ತಪ್ಪತು," ಎಂದಳು.

"ಆಯಿ, ಅದು ಇಳೀತದ. ಔಷಧಾ ಕೊಟ್ಟಾರ," ಎಂದಳು ಸೃಷ್ಟಿ.

"ಪಾದ ಇಳದ್ರ ಸಾಕವ್ವಾ. ಉಳದದ್ದು ಹೆಂಗರ ಇರ್ಲಿ ಅಂತ ಡಾಕ್ಟರಗ ಹೇಳು."

ಸೃಷ್ಟಿ ಡಾಕ್ಟರಿಗೆ ಹೇಳಲಿಲ್ಲ. ಆದರೆ ಕಾಲಿನ ಕೆಳಗೆ ಮೂರು ದಿಂಬು ಇಟ್ಟಳು. ತಾಸಿಗೊಮ್ಮೆ ತನ್ನ ಗೇಣಿನಿಂದ ಪಾದ ಅಳೆದು, ಮೂತ್ರದ ಲೆಕ್ಕದ ಜೊತೆಗೆ ಅದನ್ನೂ ಒಂದು ಚೀಟಿಯಲ್ಲಿ ಬರೆಯುತ್ತಿದ್ದಳು. ಡ್ಯೂಟಿ ನರ್ಸು ಇದು ಯಾಕೆ ಎಂದು ಕೇಳಿದರೆ, "ಮನ್ಯಾಗ ಬೇಕು," ಎಂದಳು. ಮೂರು ದಿನ ನಾನು, ಸೃಷ್ಟಿ, ಆಯಿ ಮೂವರೂ ಒಂದು ಪಾದದ ಕಡೆಗೇ ನೋಡುತ್ತ ಕುಳಿತೆವು. ಎದೆಯ ಕಡೆ ಮಿಷಿನು ನೋಡಿಕೊಳ್ಳುತ್ತಿತ್ತು. ಪಾದ ಸಣ್ಣಗಾಗುತ್ತ ಬಂತು. ಮಂಗಳವಾರ ಮಧ್ಯಾಹ್ನ ಸೃಷ್ಟಿ, "ಆಯಿ, ಒಂದ ಬೆರಳ ಉಳದದ ಅಷ್ಟೇ," ಎಂದಾಗ ಅವಳಿಗೆ ಸಂತೋಷವಾಯಿತು. ಯಾವ ಗೂಡು ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಿದರೆ ಸಾಯುವುದನ್ನು ಒಪ್ಪಿಕೊಂಡ ಹಾಗೆ ಆಗುತ್ತದೆಂದು ಕೇಳಲಿಲ್ಲ. ಆರು ವರ್ಷ ಅವಳ ಕುಣಿಯ ದಂಡೆಯ ಮೇಲೆ ಚಹಾ ಕುಡಿದವಳು ನಾನು.

ಬುಧವಾರ ಬೆಳಿಗ್ಗೆ ಆರೂವರೆಗೆ ಹೋದಳು.

ಶಿವಲಿಂಗ ಕಾರಿಡಾರಿನಲ್ಲಿ ಅತ್ತು, ಮುಖ ತೊಳೆದುಕೊಂಡು, ದೌಲಪ್ಪನಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಇಟ್ಟಿದ್ದ.

"ಅಣ್ಣಾ, ಕುಣಿ ಭರ್ತಿ ಅದ," ಎಂದ ದೌಲಪ್ಪ. "ರವಿವಾರ ಅವ್ವನೇ ಹಾಕ್ಯಾಳ. ಇನ್ನಾ ಹಣ್ಣಾಗಿಲ್ಲ."

ಶಿವಲಿಂಗ ನನ್ನ ಕಡೆ ನೋಡಿದ. "ಕೇಳಿದ್ರಲ್ಲ ಟೀಚರ? ಜಾಗಾ ಇಲ್ಲ. ಇಲ್ಲೇ ಮಾಡೋಣು. ನಾ ದಿನಾ ಬಂದು ಹೂವು ಏರಸ್ತೀನಿ."

ಮಂದಿಯನ್ನು ತಡೆಯಲು ಅವಳು ಹೂಡಿದ ಉಪಾಯ ಅವಳನ್ನೇ ತಡೆದು ನಿಲ್ಲಿಸಿತ್ತು. ನಾನು ಮಾತು ಕೊಟ್ಟಿದ್ದೇನೆ ಎಂದೆ. ನನ್ನ ಮಾತಿನಿಂದ ಏನಾಗುತ್ತದೆ, ನಾನು ರಕ್ತಸಂಬಂಧಿಯಲ್ಲ, ಬಾಡಿಗೆಗೆ ಇದ್ದವಳು. ಅಷ್ಟರಲ್ಲಿ ಫೋನಿನಲ್ಲಿ ಮಹಾನಂದಾಳ ದನಿ ಬಂತು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳು ಭಾವನ ಜೊತೆ ನೇರವಾಗಿ ಮಾತಾಡಿದವಳಲ್ಲ.

"ಭಾವಾರ, ನೀವು ಬರೂದಕ್ಕ ಎರಡ ತಾಸು ಬೇಕು. ನನಗ ಒಂದ ತಾಸು ಸಾಕು. ಕರಕೊಂಡ ಬರ್ರಿ."

ಶಿವಲಿಂಗ, "ನನ್ನ ಮೊಣಕಾಲು..." ಎಂದ. ವಾಕ್ಯ ಮುಗಿಸದೆ ಆಂಬುಲೆನ್ಸು ಹುಡುಕಲು ಹೋದ.

ನಾವು ಗುಡ್ಡ ಹತ್ತುವಾಗ ದೂರದಿಂದಲೇ ಹೊಗೆಯ ವಾಸನೆ ಬಂತು. ಶಿವಲಿಂಗ ಎರಡು ಕಡೆ ಕೂತು, ಮೂರನೆಯ ಕಡೆ ಅಳುತ್ತ ಕೂತು, ಹತ್ತಿದ. ತೋಟದ ಅಂಚಿಗೆ ಮಹಾನಂದಾ ಕುಣಿಯೊಳಗೆ ನಿಂತಿದ್ದಳು, ಸೀರೆ ಎತ್ತಿ ಕಟ್ಟಿ, ಮುಖವೆಲ್ಲ ಮಸಿ. ಹೆಂಗಸರು ಕುಣಿಗೆ ಇಳಿಯಬಾರದೆಂದು ಯಾರೋ ಹೇಳಿದ್ದಕ್ಕೆ, ಇದು ಕುಣಿ ಆಗುವುದು ಬಾಳೆ ತೆಗೆದ ಮೇಲೆ, ಅಲ್ಲಿತನಕ ಹಣ್ಣಿನ ಮನೆ ಎಂದಳಂತೆ. ಗೊನೆ ಒಂದೊಂದಾಗಿ ಮೇಲೆ ಬರುತ್ತಿದ್ದವು. ಅರ್ಧ ಹಸಿರು, ಅರ್ಧ ಕೆಂಪು. ಮಲಂಗಸಾಬ ದಂಡೆಯ ಮೇಲೆ ನಿಂತು ಇಸಿದುಕೊಂಡು, ಮಣ್ಣಿಗೆ ಬಂದ ಮಂದಿಯ ನಡುವೆ ಸಾಲಾಗಿ ಇಡುತ್ತಿದ್ದ.

ದತ್ತಪ್ಪ ಈ ಕುಣಿ ಅಳೆದ ಹಳೆಯ ತೊಗರಿಕಟ್ಟಿಗೆ ತಂದಿದ್ದ. ಆಯಿಯ ಪಾದಕ್ಕೆ ಹಿಡಿದ. ನಾನೂ ಸೃಷ್ಟಿಯೂ ಬಗ್ಗಿ ನೋಡಿದೆವು. ಹೆಬ್ಬೆರಳು ಗುರುತಿಗಿಂತ ಅರ್ಧ ಬೆರಳು ಮುಂದೆ ಇತ್ತು. ದತ್ತಪ್ಪ ಆ ಅರ್ಧ ಬೆರಳಿನ ಮೇಲೆ ತನ್ನ ಹೆಬ್ಬೆರಳು ಒತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ, "ಸರಿ ಅದ," ಎಂದ. ಸೃಷ್ಟಿ ತನ್ನ ಚೀಟಿಯನ್ನು ಮಡಚಿ ಇಟ್ಟುಕೊಂಡಳು.

ಆಮೇಲೆ ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಟೀಚರ, ಯಾವ ಗೂಡು? ನಿಮಗ ಹೇಳ್ಯಾಳೇನು?"

"ಇಲ್ಲ," ಎಂದೆ.

ಹಾಗಾದರೆ ಅಯ್ಯನೋರು ಹೇಳಿದಂತೆ ಮಾಡೋಣ ಎಂದ. ಅಷ್ಟರಲ್ಲಿ ಕುಣಿಯಿಂದ ಮಹಾನಂದಾ, "ಟೀಚರ, ಇಲ್ಲಿ ಬರ್ರಿ," ಎಂದು ಕರೆದಳು.

ನಾನು ದಂಡೆಗೆ ಹೋಗಿ ಬಗ್ಗಿದೆ. ತಳದ ಗೊನೆಗಳೆಲ್ಲ ಹೋಗಿದ್ದವು. ಕಮಲಾಪುರದ ಕಡೆ ಮುಖವಿದ್ದ ಗೂಡಿನಲ್ಲಿ ಬಾಳೆ ತುಂಬಿ ತುರುಕಿತ್ತು, ಒಂದು ಕಾಯಿ ಹಿಡಿಸದಷ್ಟು. ಎದುರಿನ ಗೂಡಿನಲ್ಲಿ ಒಂದೂ ಇರಲಿಲ್ಲ. ಅದನ್ನು ಗುಡಿಸಲಾಗಿತ್ತು. ತಳಕ್ಕೆ ಒಂದು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿತ್ತು. ಎಡ ಮೊಣಕಾಲು ಬರುವಲ್ಲಿ ಗೋಡೆಯನ್ನು ಎರಡು ಬೆರಳು ಹೆಚ್ಚು ಕೆರೆದಿತ್ತು. ಆ ಗೋಡೆಯ ಮೇಲೆ ಹೊಸದಾಗಿ, ಕುಡುಗೋಲಿನ ತುದಿಯ ಗೆರೆಗಳಿದ್ದವು. ದತ್ತಪ್ಪ ನೋಡಿ ತನ್ನ ಕೆಲಸ ಅಲ್ಲ ಎಂದ.

ಅಯ್ಯನೋರಿಗೆ ದಿಕ್ಕು ಸರಿ ಕಾಣಲಿಲ್ಲ. ಶಿವಲಿಂಗನೇ ಮುಂದೆ ಬಂದು, "ಇರ್ಲಿ ಬಿಡ್ರಿ ಅಯ್ಯನೋರ. ಅಕಿ ಕುಂತು ನೋಡ್ಯಾಳ," ಎಂದ. ಅಯ್ಯನೋರು ಗೂಡನ್ನೂ ಅವನನ್ನೂ ನೋಡಿ, ಲಿಂಗ ಕೈಯಲ್ಲಿದ್ದ ಮೇಲೆ ಎಲ್ಲ ದಿಕ್ಕೂ ಒಂದೇ ಎಂದು ಮಂತ್ರ ಸುರು ಮಾಡಿದರು. ಕುಣಿ ಇನ್ನೂ ಬೆಚ್ಚಗಿತ್ತು. ಇಳಿಸಲು ಒಳಗೆ ಹೋದ ದೌಲಪ್ಪ ಹೊರಗೆ ಬಂದು ಅದನ್ನು ಎರಡು ಸಲ ಹೇಳಿದ. ಆಯಿಗೆ ಕಾರ್ತಿಕದಲ್ಲಿ ಯಾವಾಗಲೂ ಕಾಲು ತಣ್ಣಗಾಗುತ್ತಿತ್ತು.

ಮಣ್ಣು ಮುಗಿದ ಮೇಲೆ ಇಪ್ಪತ್ತು ಗೊನೆ ಉಳಿದವು. ಮತ್ತೆ ಹಣ್ಣಿಗೆ ಹಾಕಲು ಕುಣಿ ಇರಲಿಲ್ಲ. ಮಹಾನಂದಾ ಬಂದವರಿಗೆಲ್ಲ ಎರಡೆರಡು ಕಾಯಿ ಹಂಚಿದಳು. ಗುಡ್ಡದಿಂದ ಇಳಿಯುವ ಪ್ರತಿಯೊಬ್ಬರ ಕೈಯಲ್ಲೂ ಹೊಗೆಯ ವಾಸನೆಯ ಅರ್ಧ ಹಣ್ಣು. ಅತ್ತು ಕೆಂಪಾದ ಕಣ್ಣಿನವರು ಬಾಳೆಕಾಯಿ ಒತ್ತಿ ಒತ್ತಿ ನೋಡುತ್ತ, ಇದು ಎಷ್ಟು ದಿನಕ್ಕೆ ಆಗಬಹುದು ಎಂದು ಮಾತಾಡುತ್ತ ಇಳಿದರು. ನಾನು ಬಸ್ಸಿನಲ್ಲಿ ಎರಡು ಕಾಯಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಮಹಾಗಾಂವ ಕ್ರಾಸಿನಲ್ಲಿ ಹತ್ತಿದ ಹೆಂಗಸು ಪಕ್ಕದಲ್ಲಿ ಕುಳಿತು, "ಹಣ್ಣ ಆಗಿಲ್ಲರೀ ಅವು," ಎಂದಳು.

"ಹೂಂ," ಎಂದೆ.

ಮನೆಯಲ್ಲಿ ಅವನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟೆ. ಶುಕ್ರವಾರ ತೆಗೆದು ನೋಡಿದೆ. ಅವಳು ಭಾನುವಾರ ಇಟ್ಟಿದ್ದು, ಐದನೆಯ ದಿನ. ಪೂರ್ತಿ ಕೆಂಪಾಗಿದ್ದವು. ರೊಟ್ಟಿ ಬಡಿದೆ, ನಡುವೆ ಹರಿಯಿತು, ಹರಿದ ರೊಟ್ಟಿಯ ಜೊತೆಗೆ ಒಂದು ಹಣ್ಣು ತಿಂದೆ. ಇನ್ನೊಂದನ್ನು ಸೃಷ್ಟಿಯ ಹಾಸ್ಟೆಲಿಗೆ ಒಯ್ದು ಕೊಟ್ಟೆ.